ಗ್ರಂಥಸೂಚಿಯ ಪರಿಷ್ಕರಣ

ಗ್ರಂಥಾಲಯದಲ್ಲಿ ಪುಸ್ತಕವೊಂದು ಕಳೆದುಹೋಗುವುದಕ್ಕೆ ಎರಡು ಮಾರ್ಗಗಳುಂಟು. ಯಾರಾದರೂ ಅದನ್ನು ಕದ್ದೊಯ್ಯಬಹುದು, ಇದು ಮೊದಲನೆಯದು. ಪುಸ್ತಕವು ಕಪಾಟಿನಲ್ಲಿ ಕ್ಷೇಮವಾಗಿಯೇ ಇದ್ದು, ಅದರ ವಿಷಯವಾಗಿ ಸೂಚಿಯಲ್ಲಿ ಬರೆದ ನಾಲ್ಕಾರು ಸಾಲುಗಳು ತಪ್ಪಾಗಿರಬಹುದು, ಇದು ಎರಡನೆಯದು. ಕಳ್ಳತನವು ವರ್ಷದ ಲೆಕ್ಕ ತೆಗೆಯುವಾಗ ಬೆಳಕಿಗೆ ಬರುತ್ತದೆ. ಎರಡನೆಯ ಬಗೆಯ ನಷ್ಟವಾದರೋ ಹತ್ತಾರು ವರ್ಷ ಯಾರ ಗಮನಕ್ಕೂ ಬಾರದೆ ಇರಬಲ್ಲದು. ಓದುಗನು ಬಂದು ಕೇಳುತ್ತಾನೆ, ಸೂಚಿಯಲ್ಲಿ ಹುಡುಕುತ್ತಾರೆ, 'ಇಲ್ಲ' ಎಂಬ ಉತ್ತರ ದೊರೆಯುತ್ತದೆ, ಅವನು ಹಿಂದಿರುಗುತ್ತಾನೆ. ಪುಸ್ತಕವು ಅವನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿಯೇ ಇರುತ್ತದೆ.

ಪರಿಣಾಮವು ಅಲ್ಲಿಗೇ ನಿಲ್ಲುವುದಿಲ್ಲ. ಸ್ಥಳದ ಅಭಾವದಿಂದ ಗ್ರಂಥಾಲಯಗಳು ಆಗಾಗ ಕೆಲವು ಪುಸ್ತಕಗಳನ್ನು ಆರಿಸಿ ತೆಗೆದುಹಾಕಬೇಕಾಗುತ್ತದೆ. ಆಗ ಬಹುಕಾಲದಿಂದ ಯಾರೂ ಎರವಲು ಪಡೆಯದ ಪುಸ್ತಕಗಳ ಮೇಲೆ ಮೊದಲು ಕಣ್ಣು ಬೀಳುವುದು ಸಹಜ. ಸೂಚಿಯಲ್ಲಿಯೇ ಸಿಕ್ಕದ ಪುಸ್ತಕವನ್ನು ಎರವಲು ಪಡೆಯುವವರಾದರೂ ಯಾರು? ಹೀಗೆ, ಒಬ್ಬ ಗುಮಾಸ್ತನು ಎಂದೋ ಮಾಡಿದ ಒಂದಕ್ಷರದ ತಪ್ಪು ಒಂದು ಪುಸ್ತಕವನ್ನು ರದ್ದಿಯ ರಾಶಿಗೆ ಕಳುಹಿಸಬಲ್ಲದು. ಅದು ಮರುಮುದ್ರಣ ಕಾಣದ ಹಳೆಯ ಕನ್ನಡ ಪುಸ್ತಕವಾಗಿದ್ದರೆ ಆ ನಷ್ಟವನ್ನು ತುಂಬಿಕೊಡುವ ಉಪಾಯವೇ ಇಲ್ಲ. ಆದಕಾರಣ ಸೂಚಿಯನ್ನು ಶುದ್ಧಗೊಳಿಸುವ ಕಾರ್ಯವು ಮೇಲ್ನೋಟಕ್ಕೆ ಗುಮಾಸ್ತಿಕೆಯಂತೆ ಕಂಡರೂ, ವಾಸ್ತವವಾಗಿ ಪುಸ್ತಕಗಳ ಪ್ರಾಣರಕ್ಷಣೆಯ ಕಾರ್ಯ. ಅದರ ಹಿಂದಿರುವ ವಿಜ್ಞಾನವೇನೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಸೂಚಿಯ ಉದ್ದೇಶ

ಗ್ರಂಥಾಲಯಕ್ಕೆ ಪುಸ್ತಕ ಬಂದೊಡನೆ ಅದಕ್ಕೊಂದು ಕ್ರಮಸಂಖ್ಯೆಯನ್ನು ಕೊಟ್ಟು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಇದಕ್ಕೆ ಪರಿಗ್ರಹಣ ಸಂಖ್ಯೆಯೆಂದು ಹೆಸರು. ಇದು ಆಸ್ತಿಯ ಲೆಕ್ಕ ಮಾತ್ರ. 'ಜೇನುಸಾಕಣೆಯ ಮೇಲೆ ಪುಸ್ತಕ ಉಂಟೇ?' ಎಂದು ಕೇಳುವವನಿಗೆ ಆ ರಿಜಿಸ್ಟರು ಉತ್ತರ ಹೇಳಲಾರದು. ಉತ್ತರ ಹೇಳತಕ್ಕದ್ದು ಗ್ರಂಥಸೂಚಿ. ಅಮೆರಿಕದ ಚಾರ್ಲ್ಸ್ ಕಟರ್ ಎಂಬ ಗ್ರಂಥಪಾಲನು 1876ರಲ್ಲಿ ಸೂಚಿಯ ಉದ್ದೇಶಗಳನ್ನು ಸ್ಪಷ್ಟಪಡಿಸಿದನು. ಗ್ರಂಥಕರ್ತನ ಹೆಸರು, ಪುಸ್ತಕದ ಹೆಸರು, ವಿಷಯ ಇವುಗಳಲ್ಲಿ ಯಾವುದಾದರೊಂದು ತಿಳಿದವನಿಗೆ ಪುಸ್ತಕ ಸಿಕ್ಕಬೇಕು. ಒಬ್ಬ ಗ್ರಂಥಕರ್ತನ ಅಥವಾ ಒಂದು ವಿಷಯದ ಯಾವ ಯಾವ ಪುಸ್ತಕಗಳು ಇಲ್ಲಿವೆಯೆಂಬುದು ಒಂದೇ ಕಡೆ ಕಾಣಬೇಕು. ಹಲವು ಮುದ್ರಣಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳಲು ನೆರವಾಗಬೇಕು.

ಇದು ಸುಲಭವೆಂದು ತೋರುವುದೇ ಇದರ ಅಪಾಯ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಂತೋನಿಯೊ ಪಾನಿಜ್ಜಿ ಎಂಬ ಇಟಲಿಯ ವಿದ್ವಾಂಸನು ಸೂಚಿಯ ರಚನೆಗಾಗಿ 91 ನಿಯಮಗಳನ್ನು ರೂಪಿಸಿದನು. ಅವು 1841ರಲ್ಲಿ ಪ್ರಕಟವಾದುವು. ಒಂದು ಪಟ್ಟಿಗೆ ಇಷ್ಟು ನಿಯಮಗಳೇಕೆ ಎಂದು ಹಲವರು ಆಕ್ಷೇಪಿಸಿದರು. ವಿಚಾರಣೆಗೆ ರಾಜಾಜ್ಞೆಯಿಂದ ಆಯೋಗವೊಂದು ನೇಮಕವಾಯಿತು. ಅದರ ಕಾರ್ಯದರ್ಶಿಯಾದ ಜಾನ್ ಪೇನ್ ಕಾಲಿಯರ್ ಎಂಬಾತನು, ಚುಟುಕಾದ ಸೂಚಿಯನ್ನು ಬೇಗನೆ ತಯಾರಿಸಬಹುದೆಂದು ತೋರಿಸಲು ತಾನೇ 25 ಪುಸ್ತಕಗಳಿಗೆ ನಮೂದುಗಳನ್ನು ಬರೆದುಕೊಟ್ಟನು. ಮ್ಯೂಸಿಯಮ್ಮಿನ ವಿಂಟರ್ ಜೋನ್ಸ್ ಅವುಗಳನ್ನು ಪರೀಕ್ಷಿಸಿದಾಗ, ಸೂಚಿಯಲ್ಲಿ ಸಾಧ್ಯವಿರುವ ಬಹುಪಾಲು ಎಲ್ಲ ಬಗೆಯ ದೋಷಗಳೂ ಆ 25ರಲ್ಲಿಯೇ ದೊರೆತುವು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ನಮ್ಮ ದೇಶದಲ್ಲಿ ಈ ವಿದ್ಯೆಗೆ ಶಾಸ್ತ್ರದ ಸ್ಥಾನವನ್ನು ಗಳಿಸಿಕೊಟ್ಟವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನೂ 1934ರಲ್ಲಿ ಸೂಚಿಯ ರಚನೆಗೆ ಒಂದು ಸಂಹಿತೆಯನ್ನೂ ಪ್ರಕಟಿಸಿದರು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರಕಬೇಕೆಂಬುದು ಅವರ ಸೂತ್ರಗಳಲ್ಲೊಂದು. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಶಾಸನವು 1965ರಲ್ಲಿ ಬಂದಿತು.

ಚೀಟಿಯಿಂದ ಯಂತ್ರಕ್ಕೆ

ಬಹುಕಾಲದವರೆಗೆ ಸೂಚಿಯೆಂದರೆ ಸಣ್ಣ ಸಣ್ಣ ಸೆಳೆಖಾನೆಗಳಿರುವ ಮರದ ಬೀರು. ಒಳಗೆ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲದ ಚೀಟಿಗಳು ಅಕಾರಾದಿಯಾಗಿ ನಿಂತಿರುತ್ತಿದ್ದುವು. ಗಣಕಯಂತ್ರ ಬಂದಮೇಲೆ ಈ ಚೀಟಿಗಳ ಬರಹವನ್ನು ಯಂತ್ರವು ಓದುವಂತೆ ಮಾಡುವುದು ಹೇಗೆಂಬ ಪ್ರಶ್ನೆ ಹುಟ್ಟಿತು. ಅದನ್ನು ಬಿಡಿಸಿದವರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹೆನ್ರಿಯೆಟ್ ಆವ್ರಮ್ ಎಂಬ ಮಹಿಳೆ. 1966ರಲ್ಲಿ 16 ಗ್ರಂಥಾಲಯಗಳ ಸಹಕಾರದಿಂದ ಪ್ರಯೋಗವು ಆರಂಭವಾಗಿ, 1969ರಿಂದ ಯಂತ್ರಗ್ರಾಹ್ಯ ದಾಖಲೆಗಳ ವಿತರಣೆ ನಡೆಯಿತು. ಈ ವಿನ್ಯಾಸಕ್ಕೆ ಮಾರ್ಕ್ ಎಂದು ಹೆಸರು.

ಇದರ ತತ್ತ್ವ ಸರಳ. ಚೀಟಿಯ ಮೇಲೆ ಯಾವುದು ಗ್ರಂಥಕರ್ತನ ಹೆಸರು, ಯಾವುದು ಪುಸ್ತಕದ ಹೆಸರು ಎಂಬುದನ್ನು ನಮ್ಮ ಕಣ್ಣು ತಾನೇ ಊಹಿಸಿಕೊಳ್ಳುತ್ತದೆ. ಯಂತ್ರಕ್ಕೆ ಆ ಊಹೆ ಇಲ್ಲ. ಆದ್ದರಿಂದ ಪ್ರತಿಯೊಂದು ಅಂಶಕ್ಕೂ ಮೂರಂಕಿಯ ಗುರುತನ್ನು ಕಟ್ಟುತ್ತಾರೆ. 100 ಎಂದರೆ ಮುಖ್ಯ ಗ್ರಂಥಕರ್ತ, 245 ಎಂದರೆ ಪುಸ್ತಕದ ಹೆಸರು, 650 ಎಂದರೆ ವಿಷಯ, 020 ಎಂದರೆ ಪುಸ್ತಕದ ಅಂತರರಾಷ್ಟ್ರೀಯ ಸಂಖ್ಯೆ. ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದು ಲೋಕಕ್ಕೆಲ್ಲ ಉಚಿತವಾಗಿ ದೊರೆತ 'ಕೊಹಾ' ತಂತ್ರಾಂಶವೂ ಇಂದು ಈ ವಿನ್ಯಾಸವನ್ನು ಬಳಸುತ್ತದೆ. ಮಾವೊರಿ ಭಾಷೆಯಲ್ಲಿ ಕೊಹಾ ಎಂದರೆ ಕಾಣಿಕೆ. ಮಾರ್ಕ್ ವಿನ್ಯಾಸದ ಸ್ಥಾನವನ್ನು ಮುಂದೆ ತುಂಬಲೆಂದು 2011ರಲ್ಲಿ ಆರಂಭವಾದ 'ಬಿಬ್‌ಫ್ರೇಮ್' ಎಂಬ ಯೋಜನೆಯೂ ಉಂಟು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಚೀಟಿಗಳನ್ನು ನೋಡಿ ಯಂತ್ರಕ್ಕೆ ಬೆರಳಚ್ಚು ಮಾಡಿದರೆ ಸೂಚಿಯು ಆಧುನಿಕವಾಯಿತೆಂದು ಅನೇಕರ ನಂಬಿಕೆ. ಚೀಟಿಯಲ್ಲಿದ್ದ ತಪ್ಪು ಯಂತ್ರದೊಳಗೂ ತಪ್ಪಾಗಿಯೇ ಇರುತ್ತದೆ. ಇಷ್ಟೇ ಅಲ್ಲದೆ ಹಾನಿಯು ಹೆಚ್ಚುತ್ತದೆ. ಚೀಟಿಗಳನ್ನು ಕೈಯಿಂದ ಸರಿಸಿ ಹುಡುಕುವವನಿಗೆ 'ಚಿಕವೀರ' ಸಿಕ್ಕದಿದ್ದರೂ ಹತ್ತಿರದಲ್ಲಿಯೇ ಇರುವ 'ಚಿಕ್ಕವೀರ' ಕಣ್ಣಿಗೆ ಬೀಳುವ ಸಂಭವವಿತ್ತು. ಯಂತ್ರವು ಕೇಳಿದ ಅಕ್ಷರಗಳನ್ನು ಮಾತ್ರ ಹುಡುಕಿ, ಸಿಕ್ಕದಿದ್ದರೆ ಕ್ಷಣಾರ್ಧದಲ್ಲಿ 'ಇಲ್ಲ' ಎಂದುಬಿಡುತ್ತದೆ.

ದೋಷಗಳ ಬಗೆಗಳು

ಒಂದು ಜಿಲ್ಲಾ ಕೇಂದ್ರದ ಗ್ರಂಥಾಲಯವನ್ನು ಊಹಿಸಿಕೊಳ್ಳೋಣ. ಅಲ್ಲಿ ಒಂದು ಲಕ್ಷ ನಮೂದುಗಳಿವೆ. ಹಲವು ವರ್ಷಗಳಲ್ಲಿ ಹಲವು ಕೈಗಳು ಬರೆದುವು. ಮಾಸ್ತಿಯವರು 1956ರಲ್ಲಿ ಪ್ರಕಟಿಸಿದ ಕಾದಂಬರಿಯು ಅದರಲ್ಲಿ ಹೀಗೆ ನಾಲ್ಕು ಕಡೆ ಇದೆಯೆಂದು ಇಟ್ಟುಕೊಳ್ಳೋಣ:

1. ಮಾಸ್ತಿ ವೆಂಕಟೇಶ ಅಯ್ಯಂಗಾರ್ — ಚಿಕವೀರ ರಾಜೇಂದ್ರ — 1956
2. ವೆಂಕಟೇಶ ಅಯ್ಯಂಗಾರ್, ಮಾಸ್ತಿ — ಚಿಕ್ಕವೀರ ರಾಜೇಂದ್ರ — ೧೯೫೬
3. ಶ್ರೀನಿವಾಸ — ಚಿಕವೀರರಾಜೇಂದ್ರ — ಇಸವಿ ಇಲ್ಲ
4. ಅಯ್ಯಂಗಾರ್, ಎಂ. ವಿ. — ಚಿಕವೀರ ರಾಜೇಂದ್ರ — 1965

ಕನ್ನಡ ಬಲ್ಲವನಿಗೆ ಇವೆಲ್ಲ ಒಂದೇ ಕೃತಿಯೆಂದು ಒಡನೆಯೇ ಹೊಳೆಯುತ್ತದೆ. ಯಂತ್ರಕ್ಕೆ ಇವು ನಾಲ್ವರು ಗ್ರಂಥಕರ್ತರು ಬರೆದ ನಾಲ್ಕು ಪುಸ್ತಕಗಳು. ಇದರಲ್ಲಿ ಅಡಗಿರುವ ದೋಷಗಳನ್ನು ಒಂದೊಂದಾಗಿ ವಿಂಗಡಿಸೋಣ.

ಮೊದಲನೆಯದು ಹೆಸರಿನ ತೊಡಕು. 'ಶ್ರೀನಿವಾಸ' ಎಂಬುದು ಮಾಸ್ತಿಯವರ ಕಾವ್ಯನಾಮ. ಬೇಂದ್ರೆಯವರು 'ಅಂಬಿಕಾತನಯದತ್ತ', ಗೋಕಾಕರು 'ವಿನಾಯಕ', ಪುಟ್ಟಪ್ಪನವರು 'ಕುವೆಂಪು', ಅನಸೂಯಾ ಶಂಕರ್ 'ತ್ರಿವೇಣಿ'. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಇವುಗಳ ಮೊದಲಕ್ಷರಗಳು ಹಿಂದುಮುಂದಾಗುವುದೂ ನಮ್ಮಲ್ಲಿ ಸಾಮಾನ್ಯ. ಪರಿಹಾರವೆಂದರೆ ಒಬ್ಬ ವ್ಯಕ್ತಿಗೆ ಒಂದು ಪ್ರಮಾಣರೂಪವನ್ನು ಗೊತ್ತುಮಾಡಿ, ಉಳಿದ ರೂಪಗಳಿಂದ ಅದರ ಕಡೆಗೆ ದಾರಿ ತೋರಿಸುವುದು. ಇಂಥ ಪಟ್ಟಿಗೆ ಪ್ರಮಾಣಸೂಚಿ ಎನ್ನಬಹುದು. ಓದುಗನು ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಕೃತಿಗಳೂ ಒಟ್ಟಿಗೆ ದೊರೆಯುತ್ತವೆ. ಆದರೆ ಎಚ್ಚರಿಕೆ ಬೇಕು. 'ಶ್ರೀನಿವಾಸ' ಎಂದಿರುವುದನ್ನೆಲ್ಲ 'ಮಾಸ್ತಿ' ಎಂದು ಬದಲಾಯಿಸಿರೆಂದು ಯಂತ್ರಕ್ಕೆ ಆಜ್ಞೆ ಕೊಟ್ಟರೆ, ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರ ಗ್ರಂಥಗಳೂ ಮಾಸ್ತಿಯವರ ಖಾತೆಗೆ ಸೇರಿಹೋದಾವು!

ಎರಡನೆಯದು ಲಿಪಿಯ ತೊಡಕು. ಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಿಂದಿನ ಆವೃತ್ತಿಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು. ಒಳಗೆ ಇದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆ ಅಚ್ಚುಮೊಳೆ ಇಲ್ಲದ ಯಂತ್ರದಲ್ಲಿ ತೆರೆದರೆ ಬರಹವೆಲ್ಲ ಗೋಜಲು. ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯು 1991ರಲ್ಲಿ ಬಂದು, ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿತು. ಹಳೆಯ ನಮೂದುಗಳನ್ನು ಇದಕ್ಕೆ ಪರಿವರ್ತಿಸುವುದು ಶುದ್ಧೀಕರಣದ ಮೊದಲ ಮೆಟ್ಟಿಲು.

ಯೂನಿಕೋಡಿನೊಳಗೂ ಒಂದು ಸೂಕ್ಷ್ಮವುಂಟು. 'ಚೋಮನ ದುಡಿ'ಯ ಮೊದಲನೆಯ ಅಕ್ಷರವಾದ 'ಚೋ' ಎಂಬುದನ್ನು 3226, 3275 ಎಂಬ ಎರಡು ಸಂಖ್ಯೆಗಳಿಂದ ಬರೆಯಬಹುದು. ಚಕಾರದ ಮುಂದೆ ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಬಿಡಿಬಿಡಿಯಾಗಿ 3226, 3270, 3266, 3285 ಎಂದೂ ಬರೆಯಬಹುದು. ಕಾಗದದ ಮೇಲೆ ಎರಡೂ ಒಂದೇ. ಸಂಖ್ಯೆಗಳು ಬೇರೆಯಾದುದರಿಂದ, ಏಕರೂಪಕ್ಕೆ ತಾರದೆ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. '1956' ಮತ್ತು '೧೯೫೬' ಎಂಬುವೂ ಹಾಗೆಯೇ. ಅಕಾರಾದಿಯಲ್ಲಿಯೂ ಗಮನವಿರಬೇಕು: ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬಂದರೆ, ಸಂಖ್ಯೆಯ ಕ್ರಮದಲ್ಲಿ ಅದು ಲಕಾರದ ಮಗ್ಗುಲಿಗೆ ಕುಳಿತಿದೆ.

ಮೂರನೆಯದು ಕಾಲದ ತೊಡಕು. ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ವೇಳೆ ಶಾಲಿವಾಹನ ಶಕವರ್ಷವಾಗಲಿ ಸಂವತ್ಸರದ ಹೆಸರಾಗಲಿ ಇರುತ್ತದೆ. ಶಕ 1878 ಎಂದರೆ, 78 ಕೂಡಿಸಿ, ಕ್ರಿಸ್ತಶಕ 1956. ಅದನ್ನು ಕೂಡಿಸದೆ ಬರೆದುಕೊಂಡರೆ ಪುಸ್ತಕವು ಕಾಗದದ ಮೇಲೆ 78 ವರ್ಷ ಮುದಿಯಾಗುತ್ತದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ, ದುರ್ಮುಖಿ ಎಂದಷ್ಟೇ ಇದ್ದರೆ ಅದು 1896ರಲ್ಲಿ ಆರಂಭವಾದದ್ದೋ 1956ರಲ್ಲಿ ಆರಂಭವಾದದ್ದೋ ಎಂಬುದನ್ನು ಕಾಗದ, ಅಚ್ಚು, ಮುನ್ನುಡಿಗಳನ್ನು ನೋಡಿಯೇ ನಿರ್ಧರಿಸಬೇಕು.

ನಾಲ್ಕನೆಯದು ಸ್ಥಾನದ ತೊಡಕು. ಡ್ಯೂಯಿಯ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ವರ್ಗಾಂಕ 894.814, ತಮಿಳು ಸಾಹಿತ್ಯದ್ದು 894.811. ಕೊನೆಯ ಒಂದು ಅಂಕಿ ತಪ್ಪಿದರೆ ಕನ್ನಡದ ಪುಸ್ತಕವು ತಮಿಳಿನ ಕಪಾಟಿಗೆ ವಲಸೆ ಹೋಗುತ್ತದೆ.

ಐದನೆಯದು ವಿಷಯಪದಗಳದು. ಪದಗಳಿಗೂ ಮುಪ್ಪು ಉಂಟು. ನಮ್ಮ ರಾಜ್ಯವು 1973ರ ನವೆಂಬರ್ 1ರವರೆಗೆ ಮೈಸೂರು ರಾಜ್ಯವಾಗಿತ್ತು. ಅದಕ್ಕೆ ಮೊದಲು ಬಂದ ಪುಸ್ತಕವು 'ಮೈಸೂರು ರಾಜ್ಯ—ನೀರಾವರಿ' ಎಂಬ ವಿಷಯದಡಿಯಲ್ಲಿ ಉಳಿದುಬಿಟ್ಟಿದ್ದರೆ, 'ಕರ್ನಾಟಕ—ನೀರಾವರಿ' ಎಂದು ಹುಡುಕುವ ವಿದ್ಯಾರ್ಥಿಗೆ ಅದು ಸಿಕ್ಕದು. ಹಾಗೆಂದು 'ಮೈಸೂರು' ಎಂಬುದನ್ನೆಲ್ಲ ಬದಲಾಯಿಸಿದರೆ ಮೈಸೂರು ನಗರ, ಮೈಸೂರು ಜಿಲ್ಲೆ, ಒಡೆಯರ ಸಂಸ್ಥಾನ ಎಲ್ಲವೂ ಕರ್ನಾಟಕವಾಗಿ ಕುಳಿತುಕೊಳ್ಳುತ್ತವೆ. ಹೊಸ ಪದವನ್ನು ಮುಂದಿಟ್ಟು, ಹಳೆಯ ಪದದಿಂದ ಅದರ ಕಡೆಗೆ ದಾರಿ ತೋರಿಸುವುದೇ ಸರಿಯಾದ ಕ್ರಮ. ಗ್ರಂಥಕರ್ತನು ತನ್ನ ಪುಸ್ತಕಕ್ಕೆ ಕೊಟ್ಟ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ತಿದ್ದಕೂಡದು.

ಯಂತ್ರದಿಂದ ಆಗುವ ಕೆಲಸ

ಇಷ್ಟು ದೋಷಗಳನ್ನು ಒಂದು ಲಕ್ಷ ನಮೂದುಗಳಲ್ಲಿ ಕಣ್ಣಿನಿಂದಲೇ ಹುಡುಕುವುದು ಅಸಾಧ್ಯ. ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ಮೂರು ಉಪಾಯಗಳನ್ನು ನೋಡೋಣ.

(ಅ) ಪರೀಕ್ಷಾಂಕಿ. ಪುಸ್ತಕದ ಬೆನ್ನುರಟ್ಟಿನ ಮೇಲಿನ ಅಂತರರಾಷ್ಟ್ರೀಯ ಸಂಖ್ಯೆಯು 2007ರ ಜನವರಿ 1ರಿಂದ 13 ಅಂಕಿಗಳದಾಗಿದೆ. ಅದಕ್ಕೆ ಮುಂಚೆ 10 ಅಂಕಿಗಳಿದ್ದುವು. ಕೊನೆಯ ಅಂಕಿಯು ಉಳಿದವುಗಳ ಕಾವಲುಗಾರ. ಉದಾಹರಣೆಗೆ 978-0-306-40615-7 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಮೊದಲ ಹನ್ನೆರಡು ಅಂಕಿಗಳನ್ನು ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿದರೆ 93 ಬರುತ್ತದೆ. ಮುಂದಿನ ಹತ್ತರ ಗುಣಕವಾದ 100ನ್ನು ತಲುಪಲು ಬೇಕಾದದ್ದು 7, ಅದೇ ಪರೀಕ್ಷಾಂಕಿ. ಬೆರಳಚ್ಚಿನಲ್ಲಿ '40' ಎಂಬುದು '04' ಆದರೆ ಮೊತ್ತ 85 ಆಗುತ್ತದೆ, ಆಗ ಪರೀಕ್ಷಾಂಕಿ 5 ಇರಬೇಕಾಗಿತ್ತು, ತಪ್ಪು ಸಿಕ್ಕಿಬಿದ್ದಿತು.

ಆದರೆ '61' ಎಂಬುದು '16' ಆದರೆ? ಮೊತ್ತವು 83, ಬೇಕಾದ ಅಂಕಿ 90ಕ್ಕೆ 7. ತಪ್ಪು ಇದ್ದರೂ ಕಾವಲುಗಾರನಿಗೆ ಕಾಣಲಿಲ್ಲ! ಪಕ್ಕಪಕ್ಕದ ಎರಡು ಅಂಕಿಗಳ ವ್ಯತ್ಯಾಸವು ಸರಿಯಾಗಿ 5 ಆಗಿದ್ದರೆ ಈ ಪದ್ಧತಿಯು ಅದಲುಬದಲನ್ನು ಹಿಡಿಯಲಾರದು. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ಕಂಡುಕೊಳ್ಳಬಹುದು. 11ರಿಂದ ಭಾಗಿಸುವ ಹಳೆಯ ಹತ್ತಂಕಿಯ ಪದ್ಧತಿಗೆ ಈ ಕೊರತೆ ಇರಲಿಲ್ಲ. ಕಾವಲು ಎಷ್ಟೇ ಬಿಗಿಯಾಗಿದ್ದರೂ ಅದರ ಮಿತಿಯನ್ನು ತಿಳಿದಿರುವುದು ಒಳ್ಳೆಯದು.

(ಆ) ಪದಗಳ ನಡುವಣ ಅಂತರ. ಸೋವಿಯತ್ ಗಣಿತಜ್ಞನಾದ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಒಂದು ಅಳತೆಯನ್ನು ಸೂಚಿಸಿದನು. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಚಿಹ್ನೆಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಾಯಿಸಬೇಕು ಎಂಬ ಕನಿಷ್ಠ ಸಂಖ್ಯೆಯೇ ಅವುಗಳ ನಡುವಣ ದೂರ. 'ಚಿಕವೀರ' ಎಂಬುದನ್ನು 'ಚಿಕ್ಕವೀರ' ಮಾಡಲು ಒಂದು ವಿರಾಮಚಿಹ್ನೆ ಮತ್ತು ಒಂದು ಕಕಾರ ಸಾಕು, ದೂರ 2. ದೂರವು ಕಡಮೆಯಾಗಿರುವ ಜೋಡಿಗಳನ್ನೆಲ್ಲ ಹೆಕ್ಕಿಕೊಡೆಂದು ಯಂತ್ರಕ್ಕೆ ಹೇಳಬಹುದು.

(ಇ) ಗುಂಪುಗಾರಿಕೆ. ಒಂದು ಲಕ್ಷ ನಮೂದುಗಳಲ್ಲಿ ಪ್ರತಿಯೊಂದನ್ನೂ ಉಳಿದ ಎಲ್ಲವುಗಳೊಡನೆ ಹೋಲಿಸಿದರೆ ಜೋಡಿಗಳೆಷ್ಟು? 499 ಕೋಟಿ 99 ಲಕ್ಷ 50 ಸಾವಿರ. ಪುಸ್ತಕದ ಹೆಸರಿನ ಮೊದಲೆರಡು ಅಕ್ಷರಗಳಂಥ ಲಕ್ಷಣವನ್ನು ಹಿಡಿದು, ನೂರು ನೂರರ ಸಾವಿರ ಗುಂಪುಗಳಾಗಿ ವಿಂಗಡಿಸಿ, ಆಯಾ ಗುಂಪಿನೊಳಗೆ ಮಾತ್ರ ಹೋಲಿಸಿದರೆ ಜೋಡಿಗಳು 49 ಲಕ್ಷ 50 ಸಾವಿರಕ್ಕೆ ಇಳಿಯುತ್ತವೆ. ಕೆಲಸವು ಸಾವಿರದಲ್ಲಿ ಒಂದು ಪಾಲಾಯಿತು. ಮೊದಲಕ್ಷರವೇ ತಪ್ಪಿದ್ದರೆ ಜೋಡಿಯು ಬೇರೆ ಬೇರೆ ಗುಂಪಿಗೆ ಬೀಳುವುದರಿಂದ, ಗ್ರಂಥಕರ್ತನ ಹೆಸರನ್ನು ಹಿಡಿದು ಇನ್ನೊಮ್ಮೆ ವಿಂಗಡಿಸಿ ನೋಡುವುದು ಕ್ಷೇಮಕರ.

ಮನುಷ್ಯನಿಂದಲೇ ಆಗಬೇಕಾದ ಕೆಲಸ

ಯಂತ್ರವು ಹೆಕ್ಕಿಕೊಟ್ಟ ಜೋಡಿಗಳೆಲ್ಲ ನಿಜವಾಗಿ ಒಂದೇ ಪುಸ್ತಕವಾಗಿರುವುದಿಲ್ಲ. ಒಂದೇ ಗ್ರಂಥದ 'ಭಾಗ 1' ಮತ್ತು 'ಭಾಗ 2' ಇವುಗಳ ನಡುವಣ ದೂರ ಕೇವಲ 1. ಆದರೂ ಅವು ಎರಡು ಪುಸ್ತಕಗಳು. ಯಂತ್ರದ ಮಾತನ್ನು ನಂಬಿ ಒಂದುಗೂಡಿಸಿದರೆ ಎರಡನೆಯ ಭಾಗವು ಸೂಚಿಯಿಂದ ಮಾಯವಾಗುತ್ತದೆ. ನಾವು ಮೊದಲು ಹೇಳಿದ ಅಪಾಯವನ್ನು ಶುದ್ಧೀಕರಣದ ಹೆಸರಿನಲ್ಲಿ ನಾವೇ ಮಾಡಿದಂತಾಯಿತು.

ಮೇಲಿನ ನಾಲ್ಕನೆಯ ನಮೂದನ್ನು ಮತ್ತೆ ನೋಡಿ: 1965. ಇದು 1956 ಎಂಬುದರ ಅದಲುಬದಲೇ? ಇಲ್ಲವೇ ಅನಂತರದ ಮುದ್ರಣವೊಂದರ ಇಸವಿಯೇ? ಸೂಚಿಯನ್ನು ಎಷ್ಟು ದಿಟ್ಟಿಸಿದರೂ ಉತ್ತರ ದೊರೆಯುವುದಿಲ್ಲ. ಎದ್ದುಹೋಗಿ, ಕಪಾಟಿನಿಂದ ಪುಸ್ತಕವನ್ನು ತೆಗೆದು, ಮುಖಪುಟದ ಹಿಂಬದಿಯನ್ನು ಓದಬೇಕು. ಈ ವಿವೇಚನೆಗೆ ಆಧಾರವಾಗಿ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ನಾಲ್ಕು ಮೆಟ್ಟಿಲುಗಳ ವಿವರಣೆಯನ್ನು ಪ್ರಕಟಿಸಿತು. ಗ್ರಂಥಕರ್ತನ ಮನಸ್ಸಿನಲ್ಲಿ ರೂಪುಗೊಂಡ ಕೃತಿ ಒಂದು. ಮೂಲ, ಅನುವಾದ ಎಂಬ ಅದರ ಭಾಷಾರೂಪ ಎರಡು. ಒಂದು ನಿರ್ದಿಷ್ಟ ಮುದ್ರಣ ಮೂರು. ನಮ್ಮ ಕೈಯಲ್ಲಿರುವ ಒಂದು ಪ್ರತಿ ನಾಲ್ಕು. ಒಂದೇ ಮುದ್ರಣದ ಎರಡು ಪ್ರತಿಗಳಾದರೆ ನಮೂದುಗಳನ್ನು ಒಂದುಗೂಡಿಸಬಹುದು. ಬೇರೆ ಮುದ್ರಣಗಳಾದರೆ ಕೃತಿಯ ಹೆಸರಿನಡಿಯಲ್ಲಿ ಒಟ್ಟಿಗೆ ತೋರಿಸಿ, ನಮೂದುಗಳನ್ನು ಬೇರೆಯಾಗಿಯೇ ಉಳಿಸಬೇಕು.

ಪುಸ್ತಕವನ್ನು ತೆರೆದು ನೋಡುವ ಈ ಸಾಮಾನ್ಯ ಕ್ರಿಯೆಯ ಬೆಲೆಯನ್ನು ನಮ್ಮ ನಾಡಿನ ಇತಿಹಾಸವೇ ತೋರಿಸಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯು 1891ರಲ್ಲಿ ಸ್ಥಾಪಿತವಾಯಿತು. ಅದರ ಓಲೆಗರಿಗಳ ನಡುವೆ ಇದ್ದ ಒಂದು ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು; 1909ರಲ್ಲಿ ಅದು ಅಚ್ಚಾಯಿತು. ಬೇರೆ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ವಿದ್ವಾಂಸರಿಗೆ ಪರಿಚಿತವಾಗಿದ್ದ ಆ ಕೃತಿಯು ಲೋಕಕ್ಕೆ ಮತ್ತೆ ದೊರೆತದ್ದು, ಒಬ್ಬರು ಗರಿಗಳನ್ನು ಬಿಚ್ಚಿ ಓದಿ, ಅದರ ನಿಜವಾದ ಹೆಸರನ್ನು ಹೇಳಿದುದರಿಂದ.

ಹಳೆಯ ಚೀಟಿಗಳ ವಿಷಯದಲ್ಲಿಯೂ ಇದೇ ಮಾತು. ಯಂತ್ರಕ್ಕೆ ಬೆರಳಚ್ಚು ಮುಗಿದ ಕೂಡಲೇ ಅವುಗಳನ್ನು ಎಸೆಯುವ ಪದ್ಧತಿಯನ್ನು ಅಮೆರಿಕದ ಲೇಖಕ ನಿಕೋಲ್ಸನ್ ಬೇಕರ್ 1994ರಲ್ಲಿ ದೀರ್ಘ ಲೇಖನವೊಂದರಲ್ಲಿ ಖಂಡಿಸಿದನು. ಗ್ರಂಥಪಾಲರು ಕೈಯಿಂದ ಬರೆದಿಟ್ಟ ಟಿಪ್ಪಣಿಗಳು ಎಷ್ಟೋ ವೇಳೆ ಯಂತ್ರದ ನಮೂದಿಗೆ ಬಂದೇ ಇರುವುದಿಲ್ಲ. ಹೋಲಿಸಿ ನೋಡುವ ಮುನ್ನ ಚೀಟಿಗಳನ್ನು ನಾಶಮಾಡುವುದೆಂದರೆ ಸಾಕ್ಷಿಯನ್ನೇ ಸುಟ್ಟಂತೆ.

ಕೆಲಸದ ಕ್ರಮ

ಮೇಲಿನ ತತ್ತ್ವಗಳನ್ನು ಅನುಸರಿಸಿ ಪರಿಷ್ಕರಣವನ್ನು ಹೀಗೆ ನಡೆಸಬಹುದು:

1. ಇರುವ ಸೂಚಿಯ ಪೂರ್ಣ ಪ್ರತಿಯೊಂದನ್ನು, ಅದರ ತಪ್ಪುಗಳ ಸಹಿತವಾಗಿ, ಮೊದಲು ಬೇರೆ ಕಡೆ ಭದ್ರಪಡಿಸಬೇಕು.

2. ರೋಗದ ಪ್ರಮಾಣವನ್ನು ಅಳೆಯಬೇಕು. ಯಾದೃಚ್ಛಿಕವಾಗಿ 400 ನಮೂದುಗಳನ್ನು ಆರಿಸಿ, ಪುಸ್ತಕಗಳೊಡನೆ ಹೋಲಿಸಿದಾಗ 60ರಲ್ಲಿ ದೋಷ ಕಂಡಿತೆಂದು ಇಟ್ಟುಕೊಳ್ಳೋಣ. ಅದು ನೂರಕ್ಕೆ 15. ಸಂಭಾವ್ಯತೆಯ ಗಣಿತದಂತೆ, ಇಡೀ ಸೂಚಿಯ ದೋಷವು ನೂರಕ್ಕೆ ಸುಮಾರು 11.5ರಿಂದ 18.5ರ ನಡುವೆ ಇದೆಯೆಂದು 95 ಪಾಲು ಭರವಸೆಯಿಂದ ಹೇಳಬಹುದು.

3. ಲಿಪಿಯ ಪರಿವರ್ತನೆ, ಏಕರೂಪದ ಅಂಕಿಗಳು, ಹೆಚ್ಚಿನ ತೆರಪುಗಳ ನಿವಾರಣೆ ಮುಂತಾಗಿ ಅರ್ಥವನ್ನು ಮುಟ್ಟದ ತಿದ್ದುಪಡಿಗಳನ್ನು ಯಂತ್ರಕ್ಕೆ ಒಪ್ಪಿಸಬೇಕು.

4. ಹೆಸರುಗಳ ಮತ್ತು ವಿಷಯಗಳ ಪ್ರಮಾಣಸೂಚಿಯನ್ನು ಸಿದ್ಧಪಡಿಸಬೇಕು. ಅತಿ ಹೆಚ್ಚು ಪುಸ್ತಕಗಳಿರುವ ಗ್ರಂಥಕರ್ತರಿಂದ ಆರಂಭಿಸಿದರೆ ಕಡಮೆ ಶ್ರಮದಲ್ಲಿ ಹೆಚ್ಚು ಫಲ.

5. ಒಂದೇ ಎಂದು ಸಂಶಯ ಬಂದ ಜೋಡಿಗಳನ್ನು ಪುಸ್ತಕ ತೆರೆದು ನೋಡಿಯೇ ತೀರ್ಮಾನಿಸಬೇಕು.

6. ಪ್ರತಿಯೊಂದು ಬದಲಾವಣೆಯನ್ನೂ ಯಾರು, ಎಂದು, ಏನನ್ನು, ಏಕೆ ಮಾಡಿದರೆಂದು ಬರೆದಿಡಬೇಕು. ಹಿಂದಿನ ರೂಪಕ್ಕೆ ಮರಳುವ ದಾರಿ ಇಲ್ಲದ ತಿದ್ದುಪಡಿಯನ್ನು ಮಾಡಲೇಕೂಡದು.

7. ಇದೆಲ್ಲ ಮುಗಿಯುವವರೆಗೆ, ಎರವಲು ಹೋಗಿಲ್ಲವೆಂಬ ಒಂದೇ ಕಾರಣದಿಂದ ಯಾವ ಪುಸ್ತಕವನ್ನೂ ತೆಗೆದುಹಾಕಬಾರದು.

ಕೆಲಸಕ್ಕೆ ಹಿಡಿಯುವ ಕಾಲವನ್ನೂ ಅಂದಾಜು ಮಾಡಬಹುದು. ಒಂದು ಲಕ್ಷದಲ್ಲಿ 15,000 ದೋಷಗಳಿದ್ದು, ಮೂರನೆಯ ಎರಡು ಪಾಲು ಯಂತ್ರದಿಂದ ನಿವಾರಣೆಯಾದರೆ 5,000 ಉಳಿಯುತ್ತವೆ. ಒಬ್ಬನು ದಿನಕ್ಕೆ 40 ಪುಸ್ತಕಗಳನ್ನು ತೆರೆದು ನೋಡಿದರೆ 125 ದಿನಗಳ ಕೆಲಸ. ತಾಳ್ಮೆಯುಳ್ಳ ಇಬ್ಬರು ಎರಡು ಮೂರು ತಿಂಗಳಲ್ಲಿ ಇದನ್ನು ಮುಗಿಸಬಲ್ಲರು.

ವಿದ್ಯಾರ್ಥಿಗಳಿಗೆ

ಈ ಶಾಸ್ತ್ರವನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ನಿಮ್ಮ ಊರಿನ ಅಥವಾ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಗ್ರಂಥಪಾಲರ ಅನುಮತಿ ಪಡೆದು, ಒಂದು ಕಪಾಟಿನಿಂದ ಇಪ್ಪತ್ತು ಪುಸ್ತಕಗಳನ್ನು ಆರಿಸಿರಿ. ಪ್ರತಿಯೊಂದನ್ನೂ ಸೂಚಿಯಲ್ಲಿ ಮೂರು ಬಗೆಯಾಗಿ ಹುಡುಕಿರಿ: ಗ್ರಂಥಕರ್ತನಿಂದ, ಹೆಸರಿನಿಂದ, ವಿಷಯದಿಂದ. ಎಷ್ಟು ಸಿಕ್ಕಿದುವು, ಎಷ್ಟು ಸಿಕ್ಕಲಿಲ್ಲ, ಸಿಕ್ಕದವುಗಳ ದೋಷ ಮೇಲಿನ ಐದು ಬಗೆಗಳಲ್ಲಿ ಯಾವುದು ಎಂಬುದನ್ನು ಬರೆದು ಗ್ರಂಥಪಾಲರಿಗೆ ಒಪ್ಪಿಸಿರಿ. ಒಂದೇ ಒಂದು ನಮೂದು ನಿಮ್ಮಿಂದ ಸರಿಹೋದರೂ, ಕಪಾಟಿನಲ್ಲಿದ್ದೂ ಇಲ್ಲವಾಗಿದ್ದ ಒಂದು ಪುಸ್ತಕವು ಮುಂದೆ ಕೇಳಿಕೊಂಡು ಬರುವವರ ಕೈಗೆ ದೊರೆಯುತ್ತದೆ.